ಮೂಗಿನಲ್ಲಿ ಉಸಿರಾಡಲು ಕಲಿಸಿದರೆ ಹಲ್ಲುಸಾಲು ನೆಟ್ಟಗಾದೀತೇ?

ಪರ: ಮಕ್ಕಳ ದಂತವೈದ್ಯೆ

ಹನ್ನೆರಡು ತುಂಬಲಿ, ಕ್ಲಿಪ್ ಹಾಕಿಸೋಣ ಎಂದು ಕಾಯುವ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೇಲ್ದವಡೆ ಅಗಲವಾಗುವ ಕೆಲಸ ಅಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ.

ಬಾಯಿ ಮುಚ್ಚಿ ಉಸಿರಾಡುವ ಮಗುವಿನ ನಾಲಗೆ ಅಂಗುಳಕ್ಕೆ ಆನಿಕೊಂಡಿರುತ್ತದೆ. ಕೆನ್ನೆಗಳು ಹೊರಗಿನಿಂದ ಒತ್ತಿದರೆ ಅದು ಒಳಗಿನಿಂದ ತಡೆಯುತ್ತದೆ. ಅಡಿನಾಯ್ಡ್ ಎಂಬ ಅಂಗಾಂಶ ಊದಿ ಮೂಗಿನ ಹಿಂದಿನ ದಾರಿ ಕಟ್ಟಿತೋ, ಬಾಯಿ ತೆರೆಯುತ್ತದೆ, ನಾಲಗೆ ಕೆಳಗಿಳಿಯುತ್ತದೆ. ಕೆನ್ನೆಯ ಒತ್ತಡಕ್ಕೆ ಎದುರು ನಿಲ್ಲುವವರೇ ಇಲ್ಲ. ಅಂಗುಳ ಕಿರಿದಾಗಿ ಮೇಲಕ್ಕೇರುತ್ತದೆ, ಹಲ್ಲುಗಳು ಒಂದರ ಮೇಲೊಂದು ಹತ್ತುತ್ತವೆ, ಮುಖ ಉದ್ದವಾಗುತ್ತದೆ. ಸ್ವೀಡನ್ನಿನ ಲಿಂಡರ್-ಆರೊನ್ಸನ್ 1970ರಲ್ಲೇ ಇಂಥ ಮಕ್ಕಳ ಮುಖಗಳನ್ನು ಅಳೆದರು. ಅಡಿನಾಯ್ಡ್ ತೆಗೆಸಿ ಮೂಗುಸಿರಾಟಕ್ಕೆ ಮರಳಿದವರಲ್ಲಿ ಹಲ್ಲುಸಾಲು ಅಗಲವಾದದ್ದನ್ನೂ ಮುಂದೆ ತೋರಿಸಿದರು. ವಂಶವಾಹಿ ಎಂದು ಕೈತೊಳೆದುಕೊಳ್ಳುವವರು ಸಂಶೋಧಕ ಹಾರ್ವೊಲ್ಡ್ ಅವರ ಕೋತಿಗಳನ್ನು ನೋಡಲಿ. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ಮರಿಗಳ ಮೂಗನ್ನು ಸಿಲಿಕೋನ್ ಬಿರಡೆಯಿಂದ ಮುಚ್ಚಿದರು, ಹಲ್ಲುಸಾಲು ಕೆಟ್ಟಿತು. ಅವುಗಳ ವಂಶವಾಹಿಯನ್ನು ಯಾರೂ ಮುಟ್ಟಿರಲಿಲ್ಲ!

ನುಂಗುವಾಗ ನಾಲಗೆಯನ್ನು ಮುಂಬಲ್ಲುಗಳ ನಡುವೆ ತಳ್ಳುವ ಶಿಶುರೂಢಿಯೂ ಹೀಗೆಯೇ. ಹಾಲುಹಲ್ಲು ಇರುವಾಗಲೇ ನಾಲಗೆಯ ವ್ಯಾಯಾಮದಿಂದ ತಿದ್ದಬೇಕು. ವ್ಯಾಯಾಮ ಬೇಸರ ತರಿಸುತ್ತದೆ ಎಂಬ ದೂರು ನನಗೆ ದೂರೇ ಅಲ್ಲ.

ವಿರೋಧ: ಆರ್ಥೊಡಾಂಟಿಸ್ಟ್

ಮೊದಲು ನುಂಗುವ ಮಾತು. ಒಮ್ಮೆ ನುಂಗಿದಾಗ ಹಲ್ಲಿನ ಮೇಲೆ ಬೀಳುವ ಒತ್ತಡ ಸುಮಾರು ಒಂದು ಸೆಕೆಂಡಿನದು. ದಿನಕ್ಕೆ ಸಾವಿರ ಸಲ ನುಂಗಿದರೂ ಕಾಲು ಗಂಟೆಯ ಆಸುಪಾಸು. ಅಷ್ಟರಿಂದ ಹಲ್ಲು ಸರಿಯುವುದಿಲ್ಲವೆಂದು ಅಮೆರಿಕದ ಆರ್ಥೊಡಾಂಟಿಸ್ಟ್ ಪ್ರಾಫಿಟ್ 1978ರಲ್ಲೇ ವಾದಿಸಿದರು. ಮುಂಬಲ್ಲುಗಳ ನಡುವೆ ಸಂದು ಇರುವುದರಿಂದಲೇ ನಾಲಗೆ ಅಲ್ಲಿಗೆ ಹೋಗುತ್ತದೆ, ನಾಲಗೆ ಹೋದದ್ದರಿಂದ ಸಂದಾದದ್ದಲ್ಲ. ಇಡೀ ದಿನ ನಾಲಗೆ ಎಲ್ಲಿ ವಿರಮಿಸುತ್ತದೆ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ತೂಕವಿದೆ.

ಎರಡನೆಯದು ಕೋತಿಗಳದು. ಅವುಗಳ ಮೂಗು ಪೂರ್ತಿ ಮುಚ್ಚಿತ್ತು. ನಮ್ಮ ಮಕ್ಕಳಲ್ಲಿ ಅದು ಅಪರೂಪ. ಎಲ್ಲ ಕೋತಿಗಳ ಹಲ್ಲೂ ಒಂದೇ ಬಗೆಯಲ್ಲಿ ಕೆಡಲಿಲ್ಲ. ಬಾಯಿ ತೆರೆದಿಟ್ಟ ಮಕ್ಕಳಲ್ಲಿ ಅನೇಕರು ಮೂಗಿನಿಂದಲೂ ಉಸಿರಾಡುತ್ತಿರುತ್ತಾರೆ.

ಇನ್ನು ವ್ಯಾಯಾಮ. ಬ್ರಿಟನ್ನಿನ ಜಾನ್ ಮ್ಯೂ ನಾಲಗೆಯ ನಿಲುವನ್ನೇ ಚಿಕಿತ್ಸೆ ಮಾಡಿಕೊಂಡರು. 2017ರಲ್ಲಿ ಅವರ ಹೆಸರನ್ನೂ 2024ರಲ್ಲಿ ಮಗ ಮೈಕ್ ಮ್ಯೂ ಹೆಸರನ್ನೂ ಅಲ್ಲಿನ ದಂತವೈದ್ಯ ಮಂಡಳಿ ನೋಂದಣಿಯಿಂದ ತೆಗೆಯಿತು. ಆ ಹೊತ್ತಿಗೆ ಹದಿಹರೆಯದವರು ದವಡೆ ಚೂಪಾಗಲೆಂದು ಮೊಬೈಲ್ ನೋಡಿ, ನಾಲಗೆಯನ್ನು ಅಂಗುಳಕ್ಕೆ ಒತ್ತಿಡುವ ‘ಮ್ಯೂಯಿಂಗ್’ ಮಾಡುತ್ತಿದ್ದರು.

ಬಾಯಿ ತೆರೆದು ಗೊರಕೆ ಹೊಡೆಯುವ ಮಗುವನ್ನು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಹಲ್ಲಿಗಾಗಿ ಅಲ್ಲ, ನಿದ್ದೆಗಾಗಿ. ಅಂಗುಳ ನಿಜಕ್ಕೂ ಕಿರಿದಾಗಿದ್ದರೆ ಅದನ್ನು ಅಗಲಿಸುವ ಉಪಕರಣವನ್ನು ನಾನೂ ಎಂಟೊಂಬತ್ತು ವರ್ಷಕ್ಕೇ ಹಾಕುತ್ತೇನೆ, ಹನ್ನೆರಡರವರೆಗೆ ಕಾಯುವುದಿಲ್ಲ.