ಗ್ರಂಥಪಾಲಕರಿಗೇಕೆ ಯುದ್ಧದ ಮಾತು?

“ಪುಸ್ತಕ ಕೊಡುವವನಿಗೆ ಯುದ್ಧದ ಉಸಾಬರಿ ಏಕೆ?” ಎಂದು ಕೇಳುವ ವಿದ್ಯಾವಂತರು ನಮ್ಮಲ್ಲಿ ಕಡಮೆಯಿಲ್ಲ. ಒಂದು ದೇಶದ ಸೈನ್ಯ ಇನ್ನೊಂದು ದೇಶಕ್ಕೆ ನುಗ್ಗಿದಾಗ ವಕೀಲರು ಖಂಡಿಸಬಹುದಂತೆ, ವೈದ್ಯರು ಖಂಡಿಸಬಹುದಂತೆ, ಸಾಹಿತಿಗಳಂತೂ ಖಂಡಿಸಿಯೇ ತೀರಬೇಕಂತೆ. ಗ್ರಂಥಪಾಲಕರು ಮಾತ್ರ ‘ಸದ್ದು ಮಾಡಬೇಡಿ’ ಎಂಬ ಹಲಗೆಯ ಕೆಳಗೆ ತಾವೂ ಬಾಯಿ ಮುಚ್ಚಿ ಕುಳಿತಿರಬೇಕಂತೆ! ಈ ವಾದ ಕೇಳಲು ಸಭ್ಯವಾಗಿದೆ. ವಿಚಾರಿಸಿ ನೋಡಿದರೆ ಟೊಳ್ಳಾಗಿದೆ.

ವಾದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲು ಸಲ್ಲಿಸೋಣ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಗ್ರಂಥಪಾಲಕರಲ್ಲೇ ಈ ಜಗಳ ಹುಟ್ಟಿತು. ಅವರ ಸಂಘದೊಳಗೆ 1969ರಲ್ಲಿ ಸಾಮಾಜಿಕ ಹೊಣೆಗಾಗಿ ಒಂದು ಬಳಗ ಏರ್ಪಟ್ಟಿತು. ಡೇವಿಡ್ ಬರ್ನಿಂಗ್‌ಹೌಸನ್ ಎಂಬ ಅಧ್ಯಾಪಕರು 1972ರಲ್ಲಿ ಅದನ್ನು ಎದುರಿಸಿ ಬರೆದರು. ಗ್ರಂಥಾಲಯಕ್ಕೆ ಸಂಬಂಧಪಡದ ವಿಷಯಗಳಲ್ಲಿ ಸಂಘ ಒಂದು ಪಕ್ಷ ಹಿಡಿದರೆ, ಎಲ್ಲ ಪಕ್ಷದ ಪುಸ್ತಕಗಳಿಗೂ ಸಮನಾಗಿ ಜಾಗ ಕೊಡುವ ನಿಷ್ಪಕ್ಷಪಾತ ಕೆಡುತ್ತದೆ ಎಂಬುದು ಅವರ ವಾದದ ತಿರುಳು.

ಈ ಭಯ ಸುಳ್ಳಲ್ಲ. ಆದರೆ ಇಲ್ಲಿ ಎರಡು ಬೇರೆ ವಸ್ತುಗಳು ಒಂದೇ ಗಂಟಿನಲ್ಲಿ ಸೇರಿಹೋಗಿವೆ. ನಿಷ್ಪಕ್ಷಪಾತ ಕಪಾಟಿನ ಧರ್ಮ. ಯುದ್ಧವನ್ನು ಹೊಗಳುವ ಪುಸ್ತಕವೂ ಅಲ್ಲಿರಲಿ, ತೆಗಳುವುದೂ ಇರಲಿ. ಓದುಗ ಕೇಳಿದ್ದನ್ನು ಹುಬ್ಬು ಗಂಟಿಕ್ಕದೆ ಕೊಡಲಿ. ಆದರೆ ಕಪಾಟೇ ಉರಿಯುವಾಗ ಯಾರ ಬಗೆಗೆ ನಿಷ್ಪಕ್ಷಪಾತ? ಬೆಂಕಿಗೂ ಪುಸ್ತಕಕ್ಕೂ ನಡುವೆ ತಟಸ್ಥನಾಗಿ ನಿಲ್ಲುವವನನ್ನು ಗ್ರಂಥಪಾಲಕ ಎನ್ನಲಾರೆವು. ಪಾಲಿಸುವುದು ಎಂಬ ಅರ್ಥ ಆ ಹೆಸರಿನಲ್ಲಿಯೇ ಇದೆ.

ಬಾಗ್ದಾದನ್ನು ನೋಡಿ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಪಡೆಗಳು ಆ ನಗರವನ್ನು ಹಿಡಿದವು. ಅದೇ ತಿಂಗಳು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಲೂಟಿಗೂ ಬೆಂಕಿಗೂ ತುತ್ತಾಯಿತು. ತೈಲ ಸಚಿವಾಲಯಕ್ಕೆ ಸೈನಿಕರ ಕಾವಲಿತ್ತು, ಗ್ರಂಥಾಲಯಕ್ಕೆ ಇರಲಿಲ್ಲ. “ಸುಟ್ಟವರು ಸೈನಿಕರಲ್ಲ, ಲೂಟಿಕೋರರು” ಎಂದು ಸಮಾಧಾನ ಹೇಳಿದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಿನಲ್ಲಿಯೂ ಇರುತ್ತಾರೆ. ಮನೆ ಉರಿಯುವಂತೆ ಮಾಡಿದವರು ಯಾರು ಎಂಬುದು ಪ್ರಶ್ನೆ. 2005ರ ಜೂನ್‌ನಲ್ಲಿ ಷಿಕಾಗೋದಲ್ಲಿ ಸೇರಿದ ಅಮೆರಿಕದ ಗ್ರಂಥಾಲಯ ಸಂಘ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ತಮ್ಮ ದೇಶದ ಸೈನ್ಯ ಇರಾಕನ್ನು ಬಿಟ್ಟು ಬರಬೇಕು, ಆ ಹಣ ಗ್ರಂಥಾಲಯವೇ ಮೊದಲಾದ ಜನೋಪಯೋಗಿ ಕೆಲಸಗಳಿಗೆ ಸಲ್ಲಬೇಕು ಎಂದು ನಿರ್ಣಯಿಸಿತು. ಸ್ವಂತ ಸರ್ಕಾರದ ಮುಖಕ್ಕೆ ಹೇಳಿದ ಮಾತಿದು.

“ಅದೆಲ್ಲ ದೂರದ ಕಥೆ, ನಮಗೇನು?” ಎನ್ನುವಿರಾದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬನ್ನಿ. ಭಾನುವಾರ ಹುಣಸೂರಿನಿಂದ, ಕೃಷ್ಣರಾಜನಗರದಿಂದ, ಹೆಗ್ಗಡದೇವನಕೋಟೆಯಿಂದ ಸಂಸಾರಸಮೇತ ಹೋಗಿ, ಬಂಗಾರದ ಬುದ್ಧನ ಮುಂದೆ ಚಿತ್ರ ತೆಗೆಸಿಕೊಂಡು ಬರುವ ನಾವು, ಈ ಜನ ಇಲ್ಲಿಗೇಕೆ ಬಂದರೆಂದು ಕೇಳುವುದು ಅಪರೂಪ. 1950ರಲ್ಲಿ ಚೀನಾದ ಸೈನ್ಯ ಟಿಬೆಟ್ಟಿಗೆ ನುಗ್ಗಿತು. 1959ರಲ್ಲಿ ಲಾಸಾದ ದಂಗೆಯನ್ನು ಹತ್ತಿಕ್ಕಿತು. ಸೆರಾ ಮಠದ ಭಿಕ್ಷುಗಳು ಹಿಮಾಲಯ ದಾಟಿ, ಬಂಗಾಳದ ಬಕ್ಸಾದಲ್ಲಿ ಸುಮಾರು ಹತ್ತು ವರ್ಷ ಕಳೆದು, ಬೈಲಕುಪ್ಪೆಯಲ್ಲಿ ಮತ್ತೆ ಮಠ ಕಟ್ಟಿದರು. ಅವರ ಗ್ರಂಥಗಳು ಬಿಡಿಹಾಳೆಯವು. ಮೇಲೂ ಕೆಳಗೂ ಹಲಗೆಯಿಟ್ಟು ಬಟ್ಟೆಯಲ್ಲಿ ಸುತ್ತಿದವು. ನಮ್ಮ ಓಲೆಗರಿಯ ಕಟ್ಟನ್ನು ಬಲ್ಲವರಿಗೆ ಅವು ಪರಕೀಯವಾಗಿ ಕಾಣಲಾರವು.

ಪರಕೀಯವಲ್ಲ ನಿಜಕ್ಕೂ. ನಾಲಂದಾದ ಭಂಡಾರ ದಾಳಿಗಳಲ್ಲಿ ಅಳಿದ ಮೇಲೆ, ನಮ್ಮಲ್ಲಿ ಕಳೆದುಹೋದ ಎಷ್ಟೋ ಬೌದ್ಧಗ್ರಂಥಗಳು ಟಿಬೆಟನ್ ಅನುವಾದದಲ್ಲಿ ಉಳಿದುಕೊಂಡವು. ದಿಙ್ನಾಗನ ‘ಪ್ರಮಾಣಸಮುಚ್ಚಯ’ ಅಂಥದೊಂದು. ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ಅದರ ಮೊದಲ ಅಧ್ಯಾಯವನ್ನು ಟಿಬೆಟನ್ನಿನಿಂದ ಸಂಸ್ಕೃತಕ್ಕೆ ಮರಳಿ ತಂದರು. 1930ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ಅಚ್ಚು ಹಾಕಿಸಿತು. ಒಂದು ಸೈನ್ಯ ಅಟ್ಟಿದ ವಿದ್ಯೆಯನ್ನು ಟಿಬೆಟ್ ಕಾಪಾಡಿತು. ಇನ್ನೊಂದು ಸೈನ್ಯ ಟಿಬೆಟ್ಟಿನಿಂದ ಅದನ್ನು ಅಟ್ಟಿತು. ಪಿರಿಯಾಪಟ್ಟಣದ ನೆಲ ಅದಕ್ಕೆ ಆಸರೆ ಕೊಟ್ಟಿತು. ಇಷ್ಟಾದಮೇಲೂ ಪರಸೈನ್ಯದ ಪ್ರವೇಶ ಗ್ರಂಥಾಲಯಕ್ಕೆ ಸಂಬಂಧಿಸದ ವಿಷಯವೆ?

ಒಂದು ಎಚ್ಚರಿಕೆ. ಚೀನಾವನ್ನು ಬೈಯುವಾಗ ಅಮೆರಿಕವನ್ನು ಮರೆಯುವುದು, ಅಮೆರಿಕವನ್ನು ಬೈಯುವಾಗ 2022ರಲ್ಲಿ ಉಕ್ರೇನಿನ ಮೇಲೆ ಏರಿಹೋದ ರಷ್ಯವನ್ನು ಮರೆಯುವುದು ರಾಜಕೀಯ ಪಕ್ಷಗಳ ಚಾಳಿ. ಗ್ರಂಥಪಾಲಕನ ಕೈಯಲ್ಲಿ ಒಂದೇ ಕೊಳಗವಿರಬೇಕು. 1987ರಲ್ಲಿ ನಮ್ಮ ಸೈನ್ಯವೂ ಒಪ್ಪಂದದ ಮೇರೆಗೆ ಶ್ರೀಲಂಕಾಕ್ಕೆ ಹೋಗಿತ್ತು. ಅದನ್ನೂ ಅದೇ ಕೊಳಗದಲ್ಲಿ ಅಳೆದು ನೋಡುವ ಧೈರ್ಯ ಬೇಕು. ಆ ಧೈರ್ಯವಿಲ್ಲದವರ ಖಂಡನೆಗೆ ಕವಡೆಯ ಬೆಲೆಯಿಲ್ಲ.

ಸರ್ಕಾರದ ಸಂಬಳ ಪಡೆಯುವ ಗ್ರಂಥಪಾಲಕರಿಗೆ ನಡತೆಯ ನಿಯಮಗಳ ಕಟ್ಟುಂಟು. ಪರದೇಶದೊಡನೆ ಸರ್ಕಾರಕ್ಕೆ ಮುಜುಗರ ತರುವ ಹೇಳಿಕೆಯನ್ನು ಅವರು ಕೊಡುವಂತಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಬಡ ಮೇಲ್ವಿಚಾರಕನನ್ನು ಮುಂದೆ ನೂಕಿ ನಾವು ಹಿಂದೆ ನಿಂತು ಚಪ್ಪಾಳೆ ತಟ್ಟುವುದು ನ್ಯಾಯವಲ್ಲ. ಮಾತಾಡಬೇಕಾದವು ಸಂಘಗಳು. ಭಾರತೀಯ ಗ್ರಂಥಾಲಯ ಸಂಘ ಹುಟ್ಟಿದ್ದು 1933ರಲ್ಲಿ. ಅಷ್ಟು ಹಿರಿಯ ಸಂಸ್ಥೆಯ ಮಾತಿಗೆ ತೂಕವಿದೆ. ಅದರ ಜೊತೆಗೆ ಅಧ್ಯಾಪಕರಾದ ನಾವೂ, ಓದುಗರಾದ ನೀವೂ ದನಿಗೂಡಿಸಬೇಕು.

“ನಿರ್ಣಯದಿಂದ ಸೈನ್ಯ ಹಿಂದಿರುಗೀತೆ?” ಇಲ್ಲ, ಷಿಕಾಗೋದ ನಿರ್ಣಯದಿಂದಲೂ ಹಿಂದಿರುಗಲಿಲ್ಲ. ಆದರೆ ಆದದ್ದನ್ನು ದಾಖಲೆ ಮಾಡಿಡುವುದೇ ಗ್ರಂಥಾಲಯದ ಕಸುಬು. ಒಪ್ಪದವರೂ ಇದ್ದರೆಂಬ ದಾಖಲೆ ಮುಂದಿನವರಿಗೆ ಸಿಗಬೇಡವೆ?

ಅಲ್ಲಿಯವರೆಗೆ ಯಾವ ನಿಯಮವೂ ಅಡ್ಡಬಾರದ ಕೆಲಸವೊಂದಿದೆ. ಈ ನಾಲ್ಕು ತಾಲ್ಲೂಕುಗಳ ಗ್ರಂಥಾಲಯಗಳಲ್ಲಿ ಟಿಬೆಟ್, ಇರಾಕ್, ಉಕ್ರೇನುಗಳ ಪುಸ್ತಕಗಳಿಗೆ ಒಂದೊಂದು ಕಪಾಟು ಮೀಸಲಾಗಲಿ; ಚೀನಾ, ಅಮೆರಿಕ, ರಷ್ಯಗಳ ಸಮರ್ಥನೆಯೂ ಅದರಲ್ಲಿರಲಿ. ಓದಿದವನು ತೀರ್ಪು ಹೇಳಲಿ. ಪುಸ್ತಕ ತರಿಸಿಕೊಡಿ ಎಂದು ಈ ವಾರವೇ ಹೋಗಿ ಕೇಳಿ. ಕೇಳುವವರಿಲ್ಲದ ಕಪಾಟನ್ನು ಯಾರೂ ತುಂಬುವುದಿಲ್ಲ.