ಟೆನಿಸ್ ಆಡಿದ್ರ ಹಾರ್ವರ್ಡ್ ಸಿಗ್ತದೇನ್ರೀ?

ಅಮೆರಿಕಾದಾಗಿರೋ ನಮ್ಮ ಪೈಕಿ ಹೆಣ್ಣಮಕ್ಕಳು ನಾಲ್ಕ ಮಂದಿ ಕೂಡಿದ್ರ ಈಗೊಂದ ಮಾತು. "ಬರೇ ಮಾರ್ಕ್ಸ್ ಸಾಲಂಗಿಲ್ಲ, ಮಗಳನ್ನ ಟೆನಿಸ್‌ಗೆ ಹಾಕು, ಕಾಲೇಜಿಗೆ ಅನುಕೂಲ ಆಗ್ತದ." ಇಲ್ಲಿ ಅಜ್ಜಿಯರೂ ಫೋನಿನ್ಯಾಗ ಅದನ್ನ ಹೇಳ್ಲಿಕ್ಕೆ ಸುರು ಮಾಡ್ಯಾರ. ಈ ಮಾತು ಅರ್ಧಾ ಖರೇ, ಅರ್ಧಾ ಸುಳ್ಳು. ಸುಳ್ಳಿನ ಅರ್ಧಾನ ಭಾಳ ತುಟ್ಟಿ.

ಖರೇ ಇದ್ದದ್ದು ಮೊದಲ ಹೇಳ್ತೀನಿ. ಹಾರ್ವರ್ಡ್ ಮ್ಯಾಲೆ ಕೋರ್ಟ್ ಕೇಸ್ ಆದಾಗ ಅವರ ಪ್ರವೇಶದ ಲೆಕ್ಕ ಹೊರಗ ಬಂತು. ಕೋಚ್ ಆರಿಸಿದ ಆಟಗಾರರೊಳಗ ನೂರಕ್ಕ 86 ಮಂದಿಗೆ ಸೀಟು ಸಿಕ್ಕಿತ್ತು. ಆಟ, ಅಪ್ಪ-ಅವ್ವ ಅಲ್ಲೇ ಕಲ್ತ ನಂಟು, ಯಾವದೂ ಇಲ್ಲದ ಹುಡುಗರಿಗೆ ನೂರಕ್ಕ ಆರೂ ಇಲ್ಲ.

ಆದ್ರ "ಕೋಚ್ ಆರಿಸಿದ" ಅನ್ನೋ ಮಾತು ನೆನಪಿಡ್ರಿ. ಸಾಲಿ ಟೀಮಿನ್ಯಾಗ ಆಡಿದ್ದು, ಶೋಕೇಸಿನ್ಯಾಗ ಕಪ್ ಇಟ್ಟದ್ದು ಅರ್ಜಿಯೊಳಗ ಒಂದು ಸಾಲು ಆಗ್ತದ, ಭರತನಾಟ್ಯ ಬರದಂಗ. "ಈ ಹುಡುಗಿ ನನ್ನ ಟೀಮಿಗೆ ಬೇಕು" ಅಂತ ಕೋಚ್ ಹೆಸರು ಕೊಟ್ಟಾಗನ ದೊಡ್ಡ ಬಾಗಲಾ ತೆರೀತದ. ಟೆನಿಸ್ ಟೀಮಿನ್ಯಾಗ ಎಂಟ್-ಹತ್ತು ಮಂದಿ, ವರ್ಷಕ್ಕ ಖಾಲಿ ಆಗೋದು ಎರಡ್ಮೂರು ಜಾಗಾ. ಅದಕ್ಕ ಬ್ಯಾರೆ ಬ್ಯಾರೆ ದೇಶದಿಂದ ಹುಡುಗ್ಯಾರು ಬರ್ತಾರ. ನಮ್ಮ ಹುಡುಗರು ಜೀವಾ ಬಿಟ್ಟು ಆಡೋ ಕ್ರಿಕೆಟ್ಟಂತೂ ಅಲ್ಲಿ ಎನ್‌ಸಿಎಎ ಆಟದ ಪಟ್ಟಿಯೊಳಗನ ಇಲ್ಲ. ಇನ್ನ ಸ್ಕಾಲರ್‌ಶಿಪ್ ಅಂದ್ರ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿ ಎಂಟೂ ಐವಿ ಲೀಗ್ ಕಾಲೇಜಿನವರು ಆಟಕ್ಕಂತ ಒಂದು ಡಾಲರೂ ಕೊಡಂಗಿಲ್ಲ.

ಈ ಬಾಗಲದ ಬೆಲಿ ಶ್ರೀಮಂತರಿಗೆ ಛಲೋ ಗೊತ್ತದ. 2019ರಾಗ ರಿಕ್ ಸಿಂಗರ್ ಅನ್ನೋ ದಲ್ಲಾಳಿಯ ಹಗರಣ ಹೊರಗ ಬಿತ್ತಲ್ಲ, ಅದರಾಗ ನಟಿ ಲೋರಿ ಲಾಫ್ಲಿನ್ ಮತ್ತ ಆಕಿ ಗಂಡ 5 ಲಕ್ಷ ಡಾಲರ್ ಕೊಟ್ಟು, ತಮ್ಮ ಇಬ್ಬರ ಹೆಣ್ಣಮಕ್ಕಳನ್ನ ದೋಣಿ ಸ್ಪರ್ಧೆಯ ಆಟಗಾರ್ತಿಯರು ಅಂತ ತೋರಿಸಿದ್ರು. ಆಮ್ಯಾಲೆ ಇಬ್ಬರೂ ಜೈಲಿಗೆ ಹೋಗಿ ಬಂದ್ರು. ನೋಡ್ರಿ, ಅವರು ಆಟ ಕಲಸಲಿಕ್ಕೆ ರೊಕ್ಕಾ ಸುರೀಲಿಲ್ಲ. ಪಟ್ಟಿಯೊಳಗಿನ ಹೆಸರಿಗೆ ಸುರದ್ರು.

ಹಂಗಾರ ಆಟ ಬಿಡಸಬೇಕೇನು? ಬ್ಯಾಡ. ಹುಡುಗಿಗೆ ಮನಸಿದ್ರ ಆಡ್ಲಿ, ಮೈ ಗಟ್ಟಿ ಆಗ್ತದ, ಸೋಲು ನುಂಗೋದು ಕಲೀತಾಳ. ಖರೇನ ಆ ಮಟ್ಟದ ಆಟ ಇದ್ರ ಅದೂ ತಿಳೀತದ. ಟೆನಿಸ್‌ದಂಥಾ ಆಟಕ್ಕ ಹತ್ತನೇತ್ತಾ ಮುಗದ ಮ್ಯಾಲೆ ಜೂನ್ 15ರಿಂದ ದೊಡ್ಡ ಕಾಲೇಜಿನ ಕೋಚ್‌ಗಳು ಹುಡುಗರಿಗೆ ತಾವಾಗೇ ಫೋನ್ ಮಾಡಬಹುದು. ಹುಡುಗಿನೂ ತನ್ನ ಆಟದ ವಿಡಿಯೋ ಕಳಿಸಿ ಬರೀಲಿ. ಮುಂದ ಒಂದ್ ವರ್ಷ ಯಾರೂ ಉತ್ತರಾ ಕೊಡ್ಲಿಲ್ಲಂದ್ರ ಅದ ಉತ್ತರ ಅಂತ ತಿಳೀರಿ, ಮತ್ತ ಸಾಲಾ ಮಾಡಿ ಹೊಸಾ ಅಕಾಡೆಮಿಗೆ ಹಾಕಬ್ಯಾಡ್ರಿ.

ಮುಖ್ಯ ಅಂದ್ರ, "ಇದು ಹಾರ್ವರ್ಡಿನ ಸಲುವಾಗಿ" ಅಂತ ಏಳು ವರ್ಷದ ಕೂಸಿನ ಕಿವ್ಯಾಗ ಊದಬ್ಯಾಡ್ರಿ. ಊದಿದ್ರ ಹದಿನೇಳಕ್ಕ ಒಂದು "ಇಲ್ಲ" ಅನ್ನೋ ಪತ್ರ ಬಂದಾಗ, ಹತ್ತ ವರ್ಷದ ಬೆವರೆಲ್ಲಾ ದಂಡ ಆತು ಅಂತ ಆ ಹುಡುಗಿ ರ‍್ಯಾಕೆಟ್ ಅಟ್ಟದ ಮ್ಯಾಲೆ ಒಗೀತಾಳ. ಸೀಟು ಎಲ್ಲೋ ಒಂದು ಕಡೆ ಸಿಗ್ತದ. ಹೋದ ಆಟದ ಖುಷಿ ಯಾವ ಕಾಲೇಜೂ ತಿರುಗಿ ಕೊಡಂಗಿಲ್ಲ.