ಕಡಲಾಚೆಯ ಓದು ಮತ್ತು ಕನ್ನಡದ ವಿದ್ಯಾರ್ಥಿ

ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ನೀಡಿದ ವಿದ್ಯಾರ್ಥಿವೇತನದ ಬಲದಿಂದ 1913ರಲ್ಲಿ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. 1916ರಲ್ಲಿ ಅಲ್ಲಿ ಅವರು ಮಂಡಿಸಿದ ಪ್ರಬಂಧದ ವಿಷಯ ಭಾರತದ ಜಾತಿಗಳು. ಮುಂದೆ ಲಂಡನ್ನಿನಲ್ಲಿ ಬರೆದ ಮಹಾಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ. ಸ್ವದೇಶವನ್ನೇ ಅವರು ಪರದೇಶದಲ್ಲಿ ಅಭ್ಯಸಿಸಿದರು.

ಇಂದು ಆ ಅರಸನ ಸ್ಥಾನದಲ್ಲಿ ಸರಕಾರವಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ, ವಿಮುಕ್ತ ಮತ್ತು ಅಲೆಮಾರಿ ಸಮುದಾಯ, ಭೂಹೀನ ಕೃಷಿಕಾರ್ಮಿಕ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಮಕ್ಕಳಿಗೆ ವಿದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ. ವ್ಯಾಸಂಗಕ್ಕೆ ನೆರವು ನೀಡುತ್ತದೆ. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ವಿದ್ಯಾರ್ಥಿಗಳಲ್ಲಿ ಈ ವರ್ಗಗಳಿಗೆ ಸೇರಿದವರು ಕಡಮೆಯಿಲ್ಲ. ಆದರೆ 2022ರ ಮಾರ್ಗಸೂಚಿಯು ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತದ ಸಮಾಜವನ್ನು ಕುರಿತ ಸಂಶೋಧನೆಯನ್ನು ಹೊರಗಿಟ್ಟಿತು. ಇವುಗಳಿಗೆ ಬೇಕಾದ ಸಾಮಗ್ರಿ ಇಲ್ಲಿಯೇ ಇದೆಯೆಂಬುದು ಅದರ ಸಮರ್ಥನೆ.

ಈ ಸಮರ್ಥನೆ ಒಪ್ಪತಕ್ಕದ್ದಲ್ಲ. ಸಾಮಗ್ರಿ ಇಲ್ಲಿದ್ದರೂ ಅದನ್ನು ನೋಡುವ ದೃಷ್ಟಿ ಹಲವು ಕಡೆಯಿಂದ ಬರುತ್ತದೆ. ಕನ್ನಡಕ್ಕೆ 1894ರಲ್ಲಿ ಮಹಾನಿಘಂಟು ಕೊಟ್ಟ ಕಿಟೆಲ್ ಜರ್ಮನಿಯಿಂದ ಬಂದವರು. ವಚನಗಳನ್ನೋ ಗಡಿನಾಡಿನ ದ್ವಿಭಾಷಿಕ ಬದುಕನ್ನೋ ಹೊರನಾಡಿನಲ್ಲಿ ಕುಳಿತು ಅಭ್ಯಸಿಸುವ ಅವಕಾಶ ಉಳ್ಳವರ ಮಕ್ಕಳಿಗಷ್ಟೇ ಉಳಿಯಬಾರದು.

ವಿದ್ಯಾರ್ಥಿಗಳು ಪ್ರಕಟಣೆಯಲ್ಲಿ ಮೊತ್ತವನ್ನು ನೋಡುವ ಮೊದಲು, ಹೊರಗಿಟ್ಟ ವಿಷಯಗಳ ಸಾಲನ್ನು ಓದಬೇಕು. ಆ ಸಾಲನ್ನು ಅಳಿಸಿರೆಂದು ಕೇಳುವ ಮೊದಲ ಹಕ್ಕು ಭಾಷಾಸಾಹಿತ್ಯದ ವಿದ್ಯಾರ್ಥಿಗಳದೇ. ಹೊಣೆ ಅವರ ಅಧ್ಯಾಪಕರದು.